ಸಲೋಮೆ ಅತ್ತೆಯ ಸಾವಿಗೆ ಕಟ್ಟಿದ ಚಪ್ಪರ

ಇರಿಂಗಾ ಊರಿನಲ್ಲಿ ಗಂಡಸರು ಕೆಡುವುದಕ್ಕೆ ಬೇಕಾದಷ್ಟು ದಾರಿಗಳಿವೆ. ಬಿದಿರಿನಿಂದ ಇಳಿಸುವ ಕಳ್ಳಿದೆ, ಬಾವೋ ಆಟದ ಮಣೆಯಿದೆ, ಚುನಾವಣೆಗೆ ನಿಲ್ಲುವ ಹುಚ್ಚಿದೆ. ವಿಟಾಲಿಸ್ ಕಿಹ್ವೆಲೆ ಇವು ಯಾವುದನ್ನೂ ಮುಟ್ಟಿದವನಲ್ಲ. ಅವನು ಪುಸ್ತಕ ಓದುತ್ತಿದ್ದ. ಬರೀ ಓದಿದ್ದರೆ ಯಾರಿಗೂ ತೊಂದರೆ ಇರುತ್ತಿರಲಿಲ್ಲ. ಅವನು ಓದಿ ಮುಗಿಸಿಬಿಡುತ್ತಿದ್ದ. ತೊಂದರೆ ಶುರುವಾಗುತ್ತಿದ್ದದ್ದು ಅಲ್ಲಿಂದ.

ಮೆಕ್ಕೆಜೋಳದ ಗೋದಾಮಿನಲ್ಲಿ ತೂಕದ ಗುಮಾಸ್ತನಾಗಿದ್ದ ಈ ಗೃಹಸ್ಥ ಒಂದು ಪುಸ್ತಕದ ಕೊನೆಯ ಹಾಳೆ ಮಗುಚಿದನೆಂದರೆ ವಾರವಿಡೀ ಆ ಪುಸ್ತಕ ಅವನ ಮೈಮೇಲೆ ಬಂದಿರುತ್ತಿತ್ತು. ಆರೋಗ್ಯದ ಪುಸ್ತಕ ಮುಗಿಸಿದ ವಾರ, ಕೋಳಿ ಕೂಗುವ ಮುಂಚೆ ಅಂಗಳದಲ್ಲಿ ನಿಂತು ಗಂಟಲಲ್ಲಿ ಉಪ್ಪುನೀರು ಗಳಗಳಿಸಿದ. ಗುಡ್ಡದ ಮೇಲಿನ ಮನೆಯವರು ಯಾರೋ ಆಡು ಕೊಯ್ಯುತ್ತಿದ್ದಾರೆಂದುಕೊಂಡು ಪಾಲಿಗೆ ಪಾತ್ರೆ ಹಿಡಿದು ಬಂದರು. ಪತ್ತೇದಾರಿ ಕಾದಂಬರಿ ಮುಗಿಸಿದ ವಾರ ಬಾಗಿಲ ಹಿಡಿಗೆ ಹಿಟ್ಟು ಬಳಿದು, ಅದರ ಮೇಲೆ ಮೂಡಿದ ಬೆರಳ ಗುರುತು ತನ್ನ ಹೆಂಡತಿಯದೇ ಎಂದು ಪತ್ತೆ ಹಚ್ಚಿ, ಅದನ್ನು ಹೋಗಿ ಹೆಂಡತಿಗೇ ಹೇಳಿದ. ಕೋಳಿ ಸಾಕಣೆಯ ಪುಸ್ತಕದಲ್ಲಿ ಕೋಳಿಗಳ ಹತ್ತಿರ ಮೆಲ್ಲಗೆ ಮಾತಾಡಬೇಕೆಂದು ಬರೆದಿತ್ತು. ಅವನು ಮಾತಾಡಿದ. ಕೋಳಿಗಳು ಮೊಟ್ಟೆಯಿಡುವುದನ್ನು ಬಿಟ್ಟು ಕೇಳುತ್ತ ಕೂತವು. ಬದುಕಿನಲ್ಲಿ ಮೇಲೆ ಬರುವುದು ಹೇಗೆಂದು ತಿಳಿಸುವ ಪುಸ್ತಕ ಮುಗಿದಾಗ ಕನ್ನಡಿಯ ಮುಂದೆ ನಿಂತು "ನಾನು ಸಿಂಹ, ನಾನು ಸಿಂಹ" ಎಂದ. ಪಕ್ಕದ ಮನೆಯಿಂದ "ಸ್ವಲ್ಪ ತಡಿಯಪ್ಪ, ನಮ್ಮ ಕರು ಒಳಗೆ ಕಟ್ಕೊಂಡ್ ಬಿಡ್ತೀವಿ" ಎಂದು ಉತ್ತರ ಬಂತು.

ಇಷ್ಟಾದರೂ ಅವನು ಒಂದು ಪುಸ್ತಕದ ಮೇಲೂ ಕೆಟ್ಟ ಮಾತಾಡಿದವನಲ್ಲ. ಶನಿವಾರ ಕಾಫಿ ಮಾರುವವನ ಕಟ್ಟೆಯಲ್ಲಿ ಎಲ್ಲರೂ ಪುಟ್ಟ ಬಟ್ಟಲಲ್ಲಿ ಕರೀ ಕಾಫಿ ಹೀರುತ್ತಿರುವಾಗ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, "ಗೆಳೆಯರೇ, ಈ ವಾರ ಓದಿದ ಪುಸ್ತಕಕ್ಕೆ ನಾನು ಋಣಿ" ಎಂದು ಶುರುಮಾಡುತ್ತಿದ್ದ. ಕೊನೆಯ ಹಾಳೆಗಳೇ ಇಲ್ಲದ ಪುಸ್ತಕಕ್ಕೂ ಅವನು ಋಣಿಯೇ. ಉಳಿದದ್ದನ್ನು ನೀನೇ ಯೋಚನೆ ಮಾಡಿಕೋ ಎಂದು ನಂಬಿಕೆ ಇಟ್ಟು ಬಿಟ್ಟಿದ್ದಾರಲ್ಲ, ಎನ್ನುತ್ತಿದ್ದ. ಅವನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಕಟ್ಟೆಯಲ್ಲಿ ಕಾಫಿಯವನೊಬ್ಬನೇ ಉಳಿದಿರುತ್ತಿದ್ದ. ವಿಟಾಲಿಸನ ಕೈಯ ಬಟ್ಟಲು ವಾಪಸಾಗುವವರೆಗೆ ಅವನು ಏಳುವಂತಿರಲಿಲ್ಲ.

ಕೇಡು ಬಂದದ್ದು ಪ್ರೇಮಕಾದಂಬರಿಯಿಂದ. ಅದನ್ನು ಮುಗಿಸಿದ ಸಂಜೆ ವಿಟಾಲಿಸ್ ನೇರ ಮಾರುಕಟ್ಟೆಗೆ ಹೋಗಿ, ಈರುಳ್ಳಿ ಮಾರುತ್ತಿದ್ದ ತನ್ನ ಹೆಂಡತಿ ಅಗ್ರಿಪಿನಾಳ ಕೈ ಹಿಡಿದುಕೊಂಡು, ಗಿರಾಕಿಗಳೆಲ್ಲ ನೋಡುತ್ತಿರುವಾಗ, ಅವಳಿಲ್ಲದ ತನ್ನ ಬಾಳು ದಡ ಕಾಣದ ದೋಣಿ ಎಂದ.

"ಉಪ್ಪು ತಂದ್ರಾ?" ಎಂದಳು ಅಗ್ರಿಪಿನಾ.

ಉಪ್ಪು ತಂದಿರಲಿಲ್ಲ. ಮರುದಿನದಿಂದ ಈರುಳ್ಳಿ ಕೊಳ್ಳಲು ಬಂದವರೆಲ್ಲ ಚೌಕಾಸಿಗೆ ಮುಂಚೆ "ಏನಮ್ಮಾ, ದೋಣಿ ದಡ ಸೇರ್ತಾ?" ಎಂದು ಕೇಳಿ ಹೋಗತೊಡಗಿದರು. ಅಗ್ರಿಪಿನಾ ಮನೆಗೆ ಬಂದು ಮಂಚದ ಕೆಳಗಿನ ತಗಡಿನ ಪೆಟ್ಟಿಗೆಯನ್ನು ಕಾಲಿನಿಂದ ಈಚೆಗೆ ಎಳೆದಳು. ವಿಟಾಲಿಸ್ ಹುಡುಗನಾಗಿದ್ದಾಗಿನಿಂದ ಕೂಡಿಟ್ಟ ಪುಸ್ತಕಗಳೆಲ್ಲ ಅದರಲ್ಲಿದ್ದವು. ಅವನಿಗೆ ಬೇರೆ ಆಸ್ತಿ ಇರಲಿಲ್ಲ.

"ತೇಕ್ಲಾನಪ್ಪ, ಸರಿಯಾಗಿ ಕೇಳಿಸ್ಕೊಳ್ಳಿ. ಇನ್ನೊಂದೇ ಒಂದು ಪುಸ್ತಕ ಮುಗಿಸಿ ಬನ್ನಿ ನೋಡೋಣ, ಈ ಪೆಟ್ಟಿಗೆ ತಲೆ ಮೇಲೆ ಹೊತ್ಕೊಂಡೋಗಿ ಸಿಕುಜುವಾಗೆ ಕೊಟ್ಬರ್ತೀನಿ. ಕಡ್ಲೇಕಾಯಿ ಕಟ್ಟೋಕೆ ಅವಳಿಗೆ ಕಾಗದ ಸಾಲ್ತಾ ಇಲ್ವಂತೆ."

ಬೋರ್ಡಿಂಗ್ ಶಾಲೆಯಲ್ಲಿದ್ದ ಮಗಳು ತೇಕ್ಲಾಳ ಹೆಸರಿನಲ್ಲಿ ಗಂಡನನ್ನು ಕರೆಯುವುದು ದಿನದ ರೂಢಿಯೇ. ಆದರೆ ಆವತ್ತು ಆ ಹೆಸರನ್ನು ಅವಳು ಹಲ್ಲು ಕಚ್ಚಿ ಹೇಳಿದ್ದಳು. ವಿಟಾಲಿಸನಿಗೆ ಸಿಕುಜುವಾ ಹೊಸಬಳಲ್ಲ. ಹಿಂದೊಮ್ಮೆ ಸಿಕುಜುವಾಳ ಹತ್ತಿರ ಕೊಂಡ ಕಡಲೇಕಾಯಿಯ ಪೊಟ್ಟಣ ಬಿಚ್ಚಿದಾಗ, ಅದು ತಾನೇ ಕಳೆದುಕೊಂಡಿದ್ದ ಪುಸ್ತಕದ ಏಳನೆಯ ಅಧ್ಯಾಯವಾಗಿತ್ತು. ಆವತ್ತು ಅವನಿಗೆ ಕಡಲೇಕಾಯಿ ಗಂಟಲಲ್ಲಿ ಇಳಿದಿರಲಿಲ್ಲ. ಆದ್ದರಿಂದ ಊರಿನ ಸಂತರೆಲ್ಲರ ಹೆಸರೆತ್ತಿ ಆಣೆ ಮಾಡಿ, ಇನ್ನು ಪುಸ್ತಕ ಮುಟ್ಟುವುದಿಲ್ಲ ಎಂದ.

ಕೆಲವು ವಾರ ಮುಟ್ಟಲೂ ಇಲ್ಲ. ಔಷಧದ ಸೀಸೆಯ ಚೀಟಿ ಓದಿದ, ಗೊಬ್ಬರದ ಚೀಲದ ಬೆನ್ನು ಓದಿದ. ಆಮೇಲೆ ಬಸ್‌ಸ್ಟ್ಯಾಂಡಿನ ಹಳೇ ಪುಸ್ತಕದವನು ರಟ್ಟು ಕಿತ್ತುಹೋದ, ಹೆಸರೂ ಇಲ್ಲದ ಒಂದು ಕಾದಂಬರಿಯನ್ನು ಸುಮ್ಮನೆ ಅವನ ಕೈಗಿಟ್ಟ. "ಇದನ್ನ ಯಾರೂ ಕೊಳ್ಳಲ್ಲ, ನೀನಾದ್ರೂ ನೋಡು" ಎಂದ. ಹಾಗೆ ಅಂದ ಮೇಲೆ ಬೇಡವೆನ್ನುವುದು ಮನುಷ್ಯರು ಮಾಡುವ ಕೆಲಸವೇ? ವಿಟಾಲಿಸ್ ಅದನ್ನು ಗೋದಾಮಿನ ಚೀಲಗಳ ಸಂದಿಯಲ್ಲಿ ಬಚ್ಚಿಟ್ಟು, ಊಟದ ಹೊತ್ತಿನಲ್ಲಿ ಓದತೊಡಗಿದ.

ಒಂದು ಶನಿವಾರ ಮಧ್ಯಾಹ್ನ ಅದು ಮುಗಿಯಿತು. ಗೋದಾಮು ಅರ್ಧ ದಿನದ ಕೆಲಸ ಮುಗಿಸಿ ಖಾಲಿಯಾಗಿತ್ತು. ವಿಟಾಲಿಸ್ ಚೀಲಗಳ ಹಿಂದೆ ಕೂತು, ಟೋಪಿಯಿಂದ ಮುಖ ಮುಚ್ಚಿಕೊಂಡು ಗಳಗಳ ಅಳುತ್ತಿದ್ದ. ಅದೇ ಹೊತ್ತಿಗೆ, ಬಾಗಿಲು ಹಾಕುವ ಮುಂಚೆ ಜೋಳ ತೂಗಿಸಲು ಬಲೋಜಿ ಕಿಕೋಟಿ ಬಂದ.

ಬಲೋಜಿ ಎಂದರೆ ಹತ್ತು ಮನೆಗಳ ಹಿರಿಯ. ಜಗಳ ಬಿಡಿಸುವುದು, ಹೊಸಬರು ಬಂದರೆ ಯಾರು ಏನೆಂದು ವಿಚಾರಿಸುವುದು, ಸಾವಾದರೆ ಚಪ್ಪರ ಹಾಕಿಸಿ ಜನ ಸೇರಿಸುವುದು ಅವನ ಕೆಲಸ. ಆ ವರ್ಷ ಅವನ ಹತ್ತು ಮನೆಗಳಲ್ಲಿ ಒಬ್ಬರೂ ಸತ್ತಿರಲಿಲ್ಲ. ಅದಕ್ಕಾಗಿ ಕಿಕೋಟಿ ದೇವರನ್ನು ದಿನವೂ ನೆನೆಯುತ್ತಿದ್ದನಾದರೂ, ಹೊಸ ಟಾರ್ಪಾಲು ಮಡಿಸಿದ ಹಾಗೇ ಬಿದ್ದಿದೆಯಲ್ಲ ಎಂಬ ಒಂದು ಸಣ್ಣ ಕೊರಗು ಒಳಗೆ ಇದ್ದೇ ಇತ್ತು.

"ಯಾಕಪ್ಪಾ ತೇಕ್ಲಾನಪ್ಪ, ಏನಾಯ್ತು?"

"ಅತ್ತೆ… ಸಲೋಮೆ ಅತ್ತೆ ಹೋಗ್ಬಿಟ್ಲು, ಬಲೋಜಿ."

"ಅಯ್ಯೋ ದೇವರೇ. ಯಾವಾಗ?"

"ಈಗ. ಈಗಷ್ಟೇ."

"ಎಲ್ಲಿ?"

"ಸರೋವರದ ದಂಡೇಲಿ. ಒಬ್ಬಳೇ ಇದ್ಲು. ಹತ್ರ ಯಾರೂ ಇರ್ಲಿಲ್ಲ."

ಕಿಕೋಟಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡ. ಅದನ್ನು ಕಂಡಾಗಲೇ ವಿಟಾಲಿಸನಿಗೆ ತಾನು ಏನು ಹೇಳಿದೆ ಎಂಬುದು ಹೊಳೆದದ್ದು. ಇದು ಪುಸ್ತಕದ ಮಾತು ಎನ್ನಲು ಬಾಯಿ ತೆರೆದ. ಕಿಕೋಟಿಯ ಹೆಂಡತಿ ಮಾರುಕಟ್ಟೆಯಲ್ಲಿ ಅಗ್ರಿಪಿನಾಳ ಪಕ್ಕದಲ್ಲೇ ಟೊಮೇಟೊ ಇಟ್ಟುಕೊಂಡು ಕೂರುತ್ತಾಳೆಂಬುದು ನೆನಪಾಯಿತು. ತಗಡಿನ ಪೆಟ್ಟಿಗೆ ಕಣ್ಣ ಮುಂದೆ ಬಂತು. ಬಾಯಿ ಮುಚ್ಚಿದ. ಮುಂದಿನ ಅನಾಹುತಕ್ಕೆಲ್ಲ ಆ ಮುಚ್ಚಿದ ಬಾಯಿಯೇ ಮೂಲ.

"ನೀನೇನೂ ಯೋಚನೆ ಮಾಡ್ಬೇಡ," ಎಂದ ಕಿಕೋಟಿ. ಅವನ ದನಿಯಲ್ಲಿ ದುಃಖವೂ ಉತ್ಸಾಹವೂ ಸಮಸಮವಾಗಿದ್ದವು. "ನಾನಿದೀನಿ."

ವಿಟಾಲಿಸ್ ಪುಸ್ತಕವನ್ನು ಅಂಗಿಯೊಳಗೆ ತುರುಕಿಕೊಂಡು, ಧೈರ್ಯ ಬರಲೆಂದು ಹಿಂದಿನ ದೊರೆ ಕೂತು ಯೋಚಿಸುತ್ತಿದ್ದನೆಂಬ ಗಂಗಿಲೋಂಗಾ ಬಂಡೆಯನ್ನು ಸುತ್ತಿಕೊಂಡು ಮನೆ ಕಡೆ ಬಂದ. ಧೈರ್ಯ ಬರಲಿಲ್ಲ. ಅವನು ಬರುವಷ್ಟರಲ್ಲಿ ಅಂಗಳದ ಮೇಲೆ ನೀಲಿ ಟಾರ್ಪಾಲು ಎದ್ದು ನಿಂತಿತ್ತು. ಚರ್ಚಿನ ಬೆಂಚುಗಳು ಬಂದಿದ್ದವು. ನಡುಮನೆಯಲ್ಲಿ ಹೆಂಗಸರು ಚಾಪೆ ಹಾಸಿ ಕೂರಲೆಂದು ಮನೆಯ ಸಾಮಾನನ್ನೆಲ್ಲ ಹೊರಗೆ ಸಾಗಿಸಿದ್ದರು. ಮೇಜು, ಕುರ್ಚಿ, ಮಂಚದ ಕೆಳಗಿದ್ದ ಪೆಟ್ಟಿಗೆ ಎಲ್ಲ ಅಂಗಳದ ಮೂಲೆಯಲ್ಲಿದ್ದವು. ಒಬ್ಬರು ಸೌದೆ ಹೊರೆ ತಂದಿದ್ದರು, ಒಬ್ಬರು ಉಗಾಲಿ ಮುದ್ದೆಗೆ ಹಿಟ್ಟು, ಒಬ್ಬರು ಬೀನ್ಸ್ ಕಾಳು, ಒಬ್ಬರು ಸಕ್ಕರೆ. ಕ್ಷೌರದವನು ಶನಿವಾರದ ಗಿರಾಕಿಯನ್ನು ಅರ್ಧ ತಲೆಗೇ ಎಬ್ಬಿಸಿಕೊಂಡು ಬಂದಿದ್ದ. ಆ ಗಿರಾಕಿಯೂ ಅರ್ಧ ತಲೆಯಲ್ಲೇ ಬೆಂಚಿನ ಮೇಲೆ ಕೂತು ದುಃಖಿಸುತ್ತಿದ್ದ.

ಎಲ್ಲರೂ ಒಬ್ಬೊಬ್ಬರಾಗಿ ವಿಟಾಲಿಸನನ್ನು ತಬ್ಬಿಕೊಂಡರು. ತಬ್ಬಿಕೊಂಡವರಿಗೆಲ್ಲ ಅಂಗಿಯೊಳಗಿನ ಪುಸ್ತಕ ಗಟ್ಟಿಯಾಗಿ ತಗುಲುತ್ತಿತ್ತು. ಕೆಳಗಿನ ಮನೆಯ ಎದಿನಾ ಅಜ್ಜಿ ಅವನ ಎದೆ ಮುಟ್ಟಿ ನೋಡಿ, ಪಕ್ಕದವಳಿಗೆ ಹೇಳಿದಳು:

"ಪಾಪ, ದುಃಖ ಒಳಗೇ ಹೆಪ್ಪುಗಟ್ಬಿಟ್ಟಿದೆ. ಕಲ್ಲಿನ ಹಾಗಿದೆ ನೋಡು."

ಕಿಕೋಟಿ ಟಾರ್ಪಾಲಿನ ಹಗ್ಗ ಬಿಗಿಯುತ್ತಲೇ ಕೂಗಿದ: "ತೇಕ್ಲಾನಪ್ಪ, ನಿಮ್ಮ ಮಾಲೀಕರನ್ನ ಕೇಳ್ದೆ. ಗೋದಾಮಿನ ಲಾರಿ ಕೊಡ್ತಾರಂತೆ. ಬೆಳಗಿನ ಜಾವ ಹೊರಟ್ರೆ ನಾಳೆ ಸಂಜೆ ಒಳಗೆ ಸರೋವರ ಸೇರ್ತೀವಿ. ಹತ್ತು ಮನೆಯೋರೂ ಬರ್ತಾರೆ. ಒಬ್ಬಳೇ ಹೋದ್ಲಂತಲ್ಲ, ಮಣ್ಣಿಗಾದ್ರೂ ಜನ ಇರ್ಲಿ."

ಇಲ್ಲದ ಅತ್ತೆಯ ಇಲ್ಲದ ಹೆಣ ಹೂಳಲು ಇಡೀ ಕೇರಿಯೇ ಹೊರಟಿತ್ತು. ಅಷ್ಟರಲ್ಲಿ ಅಗ್ರಿಪಿನಾ ಈರುಳ್ಳಿ ಬುಟ್ಟಿ ಹೊತ್ತು ಬಂದಳು. ತನ್ನ ಮನೆಯ ಮುಂದಿನ ಚಪ್ಪರ ನೋಡಿದಳು, ಅದರ ಕೆಳಗೆ ನಿಂತಿದ್ದ ಗಂಡನನ್ನು ನೋಡಿದಳು. ಗಂಡ ಬದುಕಿದ್ದಾನೆಂದು ಖಾತ್ರಿಯಾದ ಮೇಲೆ ಅವನನ್ನು ಹಿತ್ತಿಲಿನ ಅಡುಗೆಮನೆಗೆ ಕರೆದೊಯ್ದಳು.

"ನಿಮಗಿದ್ದದ್ದು ಇಬ್ರು ಸೋದರತ್ತೇರು. ಒಬ್ಬಳು ನಮ್ಮ ಮದುವೆಗೆ ಮುಂಚೆನೇ ಹೋದ್ಲು. ಇನ್ನೊಬ್ಬಳು ಮೊನ್ನೆ ನನ್ನ ಹತ್ರ ಈರುಳ್ಳಿಗೆ ಚೌಕಾಸಿ ಮಾಡಿ ಜಗಳ ಆಡ್ಕೊಂಡು ಹೋದ್ಲು. ಈ ಮೂರನೆಯವಳು ಯಾರು?"

ವಿಟಾಲಿಸನ ಕೈ ಅಂಗಿಯ ಮೇಲೆ ಹೋಯಿತು. ಅಗ್ರಿಪಿನಾ ಅವನ ಎದೆಗೆ ಬೆರಳಿಂದ ತಟ್ಟಿದಳು. ಟಕ್ ಎಂದಿತು.

"ಪುಸ್ತಕಾನಾ?"

"ಹೂಂ."

"ಅತ್ತೆ ಇದರೊಳಗಿದ್ದಾಳಾ?"

"ಇದ್ಲು," ಎಂದ ವಿಟಾಲಿಸ್, ಮತ್ತೆ ಕಣ್ಣು ತುಂಬಿಕೊಂಡು.

ಅಗ್ರಿಪಿನಾ ಒಲೆಯ ಕಡೆ ತಿರುಗಿ ಸೌದೆ ಮುಂದಕ್ಕೆ ತಳ್ಳಿದಳು. ನಡುಮನೆಯಿಂದ ಹೆಂಗಸರ ಹಾಡು ತೇಲಿ ಬರುತ್ತಿತ್ತು. ಆಮೇಲೆ ತಣ್ಣಗೆ ಹೇಳಿದಳು:

"ನಾಳೆ ಪೆಟ್ಟಿಗೆ ಸಿಕುಜುವಾ ಮನೆಗೆ. ಅದರ ಬಗ್ಗೆ ಇನ್ನು ಮಾತಿಲ್ಲ. ಲಾರಿ ಹೊರಡೋದ್ರೊಳಗೆ ಏನಾದ್ರೂ ಮಾಡಿ ತಪ್ಪಿಸಿ. ಆದ್ರೆ ನಿಜ ಮಾತ್ರ ಬಾಯಿ ಬಿಡ್ಬೇಡಿ. ಸುಳ್ಳುಗಾರನ ಹೆಂಡ್ತಿ ಹತ್ರ ಯಾರು ಈರುಳ್ಳಿ ಕೊಳ್ತಾರೆ?"

ಸೊಂಟಕ್ಕೆ ಇನ್ನೊಂದು ಕಾಂಗಾ ಬಟ್ಟೆ ಬಿಗಿದುಕೊಂಡು ಅವಳು ನಡುಮನೆಗೆ ಹೋಗಿ ಚಾಪೆಯ ಮೇಲೆ ಕೂತು ಒಂದು ಗೋಳು ತೆಗೆದಳು. ಕೇಳಿದವರ ಕರುಳು ಕಿತ್ತು ಬಂತು. ಅವಳು ಅತ್ತದ್ದು ಅತ್ತೆಗಲ್ಲ, ಅಂಥ ಗಂಡನನ್ನು ಕಟ್ಟಿಕೊಂಡ ತನಗೆ ಎಂಬುದು ವಿಟಾಲಿಸನಿಗೊಬ್ಬನಿಗೇ ಗೊತ್ತಿತ್ತು.

ಹೊರಗೆ ಕೋಂಬಾ ಬಂದಿದ್ದ. ಇಷ್ಟು ಹೊತ್ತಿನದು ಹೇಗೋ ಸಾಗಿತ್ತು. ಕೋಂಬಾನಿಂದ ತಪ್ಪಿಸಿಕೊಳ್ಳುವುದು ಯಾರಿಗೂ ಸಾಧ್ಯವಿಲ್ಲ. ವಿಟಾಲಿಸ್ ಹೆಹೆ ಜನದವನು, ಮುದುಕ ಕೋಂಬಾ ಅಂಗೋನಿಯವನು. ಈ ಎರಡು ಕುಲಗಳ ನಡುವೆ ಹಿಂದೆ ಯುದ್ಧಗಳಾಗಿದ್ದವು. ಯುದ್ಧ ಮುಗಿದ ಮೇಲೆ ಉಳಿದ ಬೈಗುಳವನ್ನು ವ್ಯರ್ಥ ಮಾಡಬಾರದೆಂದು ಎರಡೂ ಕಡೆಯವರು ಅದನ್ನು ಗೇಲಿ ನೆಂಟಸ್ತಿಕೆ ಮಾಡಿಕೊಂಡರು. ಹೆಹೆಯವರ ಸಾವಿನ ಮನೆಗೆ ಅಂಗೋನಿ ನೆಂಟ ಬರಲೇಬೇಕು. ಸತ್ತವರ ನಡಿಗೆಯನ್ನೂ ಮಾತನ್ನೂ ಅಣಕಿಸಿ ಅಳುವವರನ್ನು ನಗಿಸಬೇಕು. ಕಣ್ಣಿಗೆ ಬಿದ್ದ ವಸ್ತುವನ್ನು 'ಇದು ನಂದು' ಎಂದು ಎತ್ತಿಕೊಳ್ಳಬಹುದು. ಅವನ ಮೇಲೆ ಯಾರೂ ಸಿಟ್ಟಾಗುವಂತಿಲ್ಲ.

ಕೋಂಬಾ ಅಂಗಳದ ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನೇ ಚಪ್ಪರದ ನಡುವೆ ಎಳೆದುಕೊಂಡು, ಅದರ ಮೇಲೆ ಗಟ್ಟಿಯಾಗಿ ಕೂತ.

"ಏನ್ಲಾ ಹೆಹೆ, ಅತ್ತೇನ ಸಾಯಿಸ್ಬಿಟ್ಯಂತೆ? ನಮ್ಮಪ್ಪಣೆ ಕೇಳ್ದೆ ನಿಮ್ಮ ಮನೇಲಿ ಯಾವಾಗಿಂದ ಸಾಯೋಕೆ ಶುರು ಮಾಡಿದ್ರಿ? ನಿಮ್ಮಜ್ಜ ನಮ್ಮಜ್ಜನ ಗುರಾಣಿ ಹೊರೋನು. ಅವನಿಗಿದ್ದ ಮರ್ಯಾದೆ ನಿನಗಿಲ್ಲ. ಹೇಳು, ನಿಮ್ಮತ್ತೆ ಹೇಗೆ ನಡೀತಿದ್ಲು?"

ಚಪ್ಪರವೆಲ್ಲ ವಿಟಾಲಿಸನ ಕಡೆ ತಿರುಗಿತು.

"ಎಡಗಾಲು ಸ್ವಲ್ಪ ಎಳೀತಿದ್ಲು. ತಲೆ ಮೇಲೆ ಮೀನಿನ ಬುಟ್ಟಿ ಇರ್ತಿತ್ತು."

ಕೋಂಬಾ ಅಗ್ರಿಪಿನಾಳ ಈರುಳ್ಳಿ ಬುಟ್ಟಿಯನ್ನು ತಲೆಗೇರಿಸಿಕೊಂಡು, ಎಡಗಾಲೆಳೆಯುತ್ತ ಚಪ್ಪರದ ಉದ್ದಕ್ಕೂ ನಡೆದ. ಅರ್ಧ ತಲೆಯವನು ನಗು ತಡೆಯಲಾರದೆ ಕೆಮ್ಮಿದ.

"ಚೌಕಾಸಿ ಮಾಡೋರಿಗೆ ಏನಂತಿದ್ಲು?"

"'ಮೀನು ಸತ್ತಿರೋದು ಸಾಲ್ದಾ, ನನ್ನೂ ಸಾಯಿಸ್ಬೇಕಾ' ಅಂತಿದ್ಲು."

ಕೋಂಬಾ ಅದನ್ನು ಮುದುಕಿಯ ದನಿಯಲ್ಲಿ ಹೇಳಿದ. ಈ ಸಲ ಇಡೀ ಚಪ್ಪರ ನಕ್ಕಿತು. ನಡುಮನೆಯ ಹಾಡು ನಿಂತು, ಹೆಂಗಸರು ಕಿಟಕಿಗೆ ಬಂದರು. "ಆಮೇಲೆ?" ಎಂದ ಕೋಂಬಾ. ಆಮೇಲೆ ಎಂದು ಇದುವರೆಗೆ ಯಾರೂ ವಿಟಾಲಿಸನನ್ನು ಕೇಳಿದ್ದಿಲ್ಲ. ಅವನು ಹೇಳತೊಡಗಿದ.

ಸಲೋಮೆ ಅತ್ತೆ ಅಣ್ಣನ ಅನಾಥ ಮಗನನ್ನು ಮೀನು ಮಾರಿ ಸಾಕಿದ್ದನ್ನು ಹೇಳಿದ. ಹುಡುಗ ಹಡಗಿನ ಕೆಲಸಕ್ಕೆಂದು ಹೇಳದೆ ಕೇಳದೆ ಓಡಿಹೋದದ್ದನ್ನು ಹೇಳಿದ. ಆವತ್ತಿನಿಂದ ಅವಳು ದಿನವೂ ರಾತ್ರಿ ಒಂದು ತಟ್ಟೆಗೆ ಊಟ ಬಡಿಸಿ, ಮೇಲೊಂದು ತಟ್ಟೆ ಮುಚ್ಚಿಟ್ಟು ಮಲಗುತ್ತಿದ್ದಳು. ಬೆಳಗ್ಗೆ ಆ ತಂಗಳನ್ನೇ ತಾನು ತಿಂದು ಮೀನಿಗೆ ಹೋಗುತ್ತಿದ್ದಳು. ಕೇರಿಯವರು ನಕ್ಕರೆ, ಅವನು ಹಸಿದುಕೊಂಡು ಬಂದರೆ ನೀವು ಹಾಕುತ್ತೀರಾ ಎನ್ನುತ್ತಿದ್ದಳು. ವರ್ಷಗಳು ಕಳೆದು ಹುಡುಗ ಗಡ್ಡ ಬಿಟ್ಟ ಗಂಡಸಾಗಿ ವಾಪಸು ಬಂದಾಗ ಅವಳು ಅದೇ ಬೆಳಗ್ಗೆ ತೀರಿಕೊಂಡಿದ್ದಳು. ಒಲೆ ಆರಿತ್ತು. ಮೂಲೆಯಲ್ಲಿ ತಟ್ಟೆ ಮುಚ್ಚಿಟ್ಟಿತ್ತು.

"ಅವನೇನ್ ಮಾಡ್ದ?" ಕಿಟಕಿಯಿಂದ ಎದಿನಾ ಅಜ್ಜಿ ಕೇಳಿದಳು.

"ಕೂತು ಊಟ ಮಾಡ್ದ," ಎಂದ ವಿಟಾಲಿಸ್. "ಒಂದಗುಳೂ ಬಿಡ್ಲಿಲ್ಲ."

ಎದಿನಾ ಅಜ್ಜಿ ಬಿಕ್ಕಿ ಬಿಕ್ಕಿ ಅತ್ತಳು. ಅವಳ ಹಿಂದೆಯೇ ಕಿಟಕಿಯೆಲ್ಲ ಅತ್ತಿತು. ನಗಿಸಲು ಬಂದಿದ್ದ ಕೋಂಬಾ ಟೋಪಿಯಲ್ಲಿ ಮೂಗೊರೆಸಿಕೊಂಡು, ಪೆಟ್ಟಿಗೆಯ ಮೇಲೆ ಪಕ್ಕಕ್ಕೆ ಸರಿದು ವಿಟಾಲಿಸನಿಗೆ ಜಾಗ ಕೊಟ್ಟ. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದ:

"ಲಾರಿ ಓಡಿಸ್ತಿದ್ದಾಗ ಆ ದಂಡೆ ಪೂರ್ತಿ ತಿರುಗಿದೀನಿ. ಈಗ ಬರೋಕೆ ಮುಂಚೆ ಅಲ್ಲಿರೋ ನನ್ನ ತಮ್ಮನಿಗೆ ಫೋನ್ ಮಾಡ್ದೆ. ಅಂಥ ಹೆಂಗಸು ಯಾರೂ ಇಲ್ವಂತೆ, ಯಾರೂ ಸತ್ತಿಲ್ವಂತೆ. ಇರ್ಲಿ. ಚೆನ್ನಾಗಿ ಹೇಳ್ತೀಯ. ಇನ್ನೂ ಇದ್ರೆ ಹೇಳು."

ಅಷ್ಟು ಹೊತ್ತಿಗೆ ಸಂಜೆಯ ಪ್ರಾರ್ಥನೆಗೆಂದು ಚರ್ಚಿನ ಉಪದೇಶಿ ಬಂದ. ಎಲ್ಲರೂ ಎದ್ದು ನಿಂತರು. ಉಪದೇಶಿ ಕನ್ನಡಕ ಏರಿಸಿಕೊಂಡು, ಸತ್ತವಳ ಆತ್ಮವನ್ನು ದೇವರಿಗೆ ಒಪ್ಪಿಸುವ ಮುಂಚೆ ವಿವರ ಸರಿಯಾಗಿರಬೇಕೆಂದು ಕೇಳಿದ:

"ಹೆಸರು ಸಲೋಮೆ. ತಂದೆ ಹೆಸರು?"

ಒಂದು ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಕೇರಿಗೆ ಕೇರಿಯೇ ತಲೆ ಬಗ್ಗಿಸಿ ಕೈಮುಗಿದು ನಿಂತಿತ್ತು. ಅಷ್ಟು ಜನರ ಮುಂದೆ ಇನ್ನೊಂದು ಸುಳ್ಳು ಹೆಸರು ಹುಟ್ಟಿಸಲು ವಿಟಾಲಿಸನಿಗೆ ಮನಸ್ಸಾಗಲಿಲ್ಲ.

"ಬರೆದಿಲ್ಲ," ಎಂದ.

"ಎಲ್ಲಿ ಬರೆದಿಲ್ಲ?"

"ಪುಸ್ತಕದಲ್ಲಿ."

"ಯಾವ ಚರ್ಚಿನ ದಾಖಲೆ ಪುಸ್ತಕ?"

ವಿಟಾಲಿಸ್ ಅಂಗಿಯೊಳಗಿಂದ ಪುಸ್ತಕ ತೆಗೆದು ಕೊಟ್ಟ. "ಚರ್ಚಿಂದಲ್ಲ ಸ್ವಾಮಿ. ಬಸ್‌ಸ್ಟ್ಯಾಂಡಿಂದು."

ಉಪದೇಶಿ ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿದ. ಕೊನೆಯ ಹಾಳೆಗಳನ್ನು ದೀಪಕ್ಕೆ ಹಿಡಿದು ಓದಿದ. ಕನ್ನಡಕ ಇಳಿಸಿ ಅವನು ಹೇಳಿದ: "ಸತ್ತಿರೋದು ನಿಜ. ಇಲ್ಲಿದೆ."

ಆಮೇಲೆ ಶುರುವಾದದ್ದನ್ನು ಗದ್ದಲ ಎಂದರೆ ಕಡಿಮೆಯಾದೀತು. ಕಿಕೋಟಿ ಟಾರ್ಪಾಲಿನ ಕಂಬ ಹಿಡಿದುಕೊಂಡು ಕೂಗಾಡಿದ.

"ಪುಸ್ತಕದ ಅತ್ತೆಗೆ ಚಪ್ಪರ ಹಾಕ್ಸಿದ್ಯಾ ನನ್ನ ಕೈಲಿ? ಲಾರಿಗೆ ಏನು ಹೇಳ್ಲಿ? ಬೆಂಚು ಹೊರಿಸ್ದೆ ಚರ್ಚಿಂದ. ನಾಳೆ ನಾನು ನಿಜವಾಗ್ಲೂ ಸತ್ರೆ, 'ಇವನ್ಯಾವ ಪುಸ್ತಕದವನು' ಅಂತ ಯಾರೂ ಬರಲ್ಲ."

ಕ್ಷೌರದವನು ತನ್ನ ಶನಿವಾರ ಹಾಳಾಯಿತೆಂದ. ಅರ್ಧ ತಲೆಯವನು ತನ್ನ ತಲೆ ತೋರಿಸಿದ. ಹಿಟ್ಟು ತಂದವಳು ಹಿಟ್ಟು ವಾಪಸು ಕೇಳುವಂತಿರಲಿಲ್ಲ, ಅದು ಆಗಲೇ ಒಲೆಯ ಮೇಲೆ ಉಗಾಲಿಯಾಗಿತ್ತು. ಅಗ್ರಿಪಿನಾ ಬಾಗಿಲಲ್ಲಿ ಕಾಂಗಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ವಿಟಾಲಿಸ್ ತಲೆ ತಗ್ಗಿಸಿದ್ದ.

ಎದಿನಾ ಅಜ್ಜಿ ಹೆಂಗಸರನ್ನು ಸರಿಸಿಕೊಂಡು ಹೊರಗೆ ಬಂದಳು.

"ಅಂದ್ರೆ ಆ ತಟ್ಟೆ ಯಾರೂ ಮುಚ್ಚಿಡ್ಲಿಲ್ವಾ?"

"ಇಲ್ಲ ಅಜ್ಜಿ. ಯಾರೋ ಬರೆದಿದ್ದು."

"ಬರೆದೋರು ಎಲ್ಲೋ ನೋಡಿರ್ತಾರೆ ಬಿಡು," ಎಂದಳು ಅಜ್ಜಿ. "ನನ್ನ ತಂಗಿ ತೀರ್ಕೊಂಡಾಗ ನಾನು ಮೊಣಕಾಲು ಮುರ್ಕೊಂಡು ಆಸ್ಪತ್ರೇಲಿದ್ದೆ. ದೂರದೂರು. ಯಾರೂ ಚಪ್ಪರ ಹಾಕ್ಲಿಲ್ಲ, ನಾನೂ ಅಳ್ಲಿಲ್ಲ. ಅಳೋಕೆ ಒಬ್ಬಳಿಗೇ ಬರಲ್ಲ ನನಗೆ. ಇವತ್ತು ಅತ್ತಿದ್ದು ಅವಳಿಗೇ. ಬೈಯೋರು ಬೈರಿ. ನನಗಂತೂ ಇವನು ಒಳ್ಳೇದೇ ಮಾಡ್ದ."

ಕಿಕೋಟಿ ಹಿಡಿದಿದ್ದ ಕಂಬ ಬಿಟ್ಟ. ತಾನು ಅತ್ತದ್ದು ಯಾರಿಗೆಂದು ಒಬ್ಬೊಬ್ಬರೂ ನೆನೆಸಿಕೊಂಡರೇನೋ, ಚಪ್ಪರ ತಣ್ಣಗಾಯಿತು. ಆಗ ಕೋಂಬಾ ಪೆಟ್ಟಿಗೆಯ ಮೇಲಿಂದಲೇ ತೊಡೆ ತಟ್ಟಿದ.

"ಹೆಹೆ ಮನೆ ಸಾವಿನ ತೀರ್ಪು ಅಂಗೋನಿದು. ಸುಳ್ಳು ಸಾವಿಗೆ ದಂಡ ಆಗ್ಲೇಬೇಕು. ನಾನು ಕೂತಿರೋ ಈ ಪೆಟ್ಟಿಗೆ ನಂದು."

ಎದುರಾಡುವಂತಿಲ್ಲ. ವಿಟಾಲಿಸ್ ಪೆಟ್ಟಿಗೆಯನ್ನೊಮ್ಮೆ ನೋಡಿ ಮುಖ ಆಚೆ ತಿರುಗಿಸಿಕೊಂಡ. ಸಿಕುಜುವಾಳ ಪಾಲಾದರೇನು, ಕೋಂಬಾನ ಪಾಲಾದರೇನು, ಹೋದದ್ದು ಹೋಯಿತು. ಆದರೆ ಎದುರಾಡುವಂತಿಲ್ಲದ ಕಡೆ ಒಂದು ದನಿ ಎದ್ದಿತು.

"ಪೆಟ್ಟಿಗೆ ಮೇಲಿಂದ ಏಳಿ, ಅಜ್ಜ."

ಅಗ್ರಿಪಿನಾ ಅಂಗಳಕ್ಕಿಳಿದು ಬಂದಿದ್ದಳು.

"ತೇಕ್ಲಾನವ್ವ, ನೆಂಟನ ಹಕ್ಕು ಇದು," ಎಂದ ಕೋಂಬಾ.

"ಹಕ್ಕು ನಿಮ್ಮದೇ. ಬೇರೆ ಏನಾದ್ರೂ ಕೇಳಿ. ಬುಟ್ಟಿ ತಗೊಳ್ಳಿ, ಮಂಚ ತಗೊಳ್ಳಿ, ಬೇಕಾದ್ರೆ ಇವರನ್ನೇ ಕರ್ಕೊಂಡು ಹೋಗಿ. ಪೆಟ್ಟಿಗೆ ಮಾತ್ರ ಕೊಡಲ್ಲ. ಇಷ್ಟು ವರ್ಷ ಅದರಲ್ಲಿ ಇಂಥವರೆಲ್ಲ ಇದಾರೆ ಅಂತ ಈ ಮನುಷ್ಯ ನನಗೆ ಹೇಳೇ ಇಲ್ಲ. ಉಪ್ಪುನೀರು, ಹಿಟ್ಟು, ದೋಣಿ, ಇಷ್ಟೇ ಹೇಳಿದ್ದು."

ಕೋಂಬಾ ಚೌಕಾಸಿಗೆ ಇಳಿದ. ಕೊನೆಗೆ ಒಂದು ಹುಂಜಕ್ಕೆ ಒಪ್ಪಿ ಎದ್ದ. ಕಿಕೋಟಿಗೂ ತನ್ನ ಅಧಿಕಾರ ಉಳಿಯಬೇಕಿತ್ತಲ್ಲ. ಹತ್ತು ಮನೆಗಳ ಪರವಾಗಿ ಅವನೊಂದು ಕಟ್ಟಳೆ ಸಾರಿದ. ಇನ್ನು ಮುಂದೆ ತೇಕ್ಲಾನಪ್ಪ ಕಥೆ ಪುಸ್ತಕ ಹಿಡಿಯುವುದಾದರೆ ಬಲೋಜಿಗೆ ತಿಳಿಸಿ ಹಿಡಿಯಬೇಕು. ಅದರಲ್ಲಿ ಯಾರಿಗಾದರೂ ಮೈ ಸರಿಯಿಲ್ಲವೆಂದು ಕಂಡಕೂಡಲೇ ಹೇಳಿಕಳಿಸಬೇಕು. ಸೌದೆ ಹೊಂದಿಸುವುದಕ್ಕೆ ಹೊತ್ತು ಬೇಕಾಗುತ್ತದೆ.

ಮಾಡಿದ ಅಡುಗೆಯನ್ನು ಎಲ್ಲರೂ ಕೂತು ಉಂಡರು. ಉಪದೇಶಿ ಪ್ರಾರ್ಥನೆಯನ್ನು ದೂರದಲ್ಲಿ ಸತ್ತ ಎಲ್ಲರ ಹೆಸರಿನಲ್ಲಿ ಹೇಳಿದ. ಎದಿನಾ ಅಜ್ಜಿಯ ತಂಗಿಯ ಹೆಸರನ್ನು ಎರಡು ಸಲ ಹೇಳಿದ. ಊಟವಾದ ಮೇಲೆ ವಿಟಾಲಿಸ್ ಎದ್ದು ನಿಂತು ಗಂಟಲು ಸರಿಮಾಡಿಕೊಂಡ.

"ಗೆಳೆಯರೇ, ಈ ಪುಸ್ತಕಕ್ಕೆ ನಾನು ಋಣಿ. ಅದಕ್ಕಿಂತ… ನೀವು ಬಂದ್ರಲ್ಲ. ಕೇಳಿದ ತಕ್ಷಣ, ಅವಳ್ಯಾರು ಅಂತ್ಲೂ ಕೇಳ್ದೆ ಬಂದ್ಬಿಟ್ರಲ್ಲ…"

ಅಷ್ಟಕ್ಕೇ ಕೂತುಬಿಟ್ಟ. ಈ ಸಲ ಯಾರೂ ಎದ್ದು ಹೋಗಿರಲಿಲ್ಲ.

ಜನ ಹೋದ ಮೇಲೆ ಗಂಡ ಹೆಂಡತಿ ಅಂಗಳದಲ್ಲಿ ಕೂತು ಪಾತ್ರೆ ತೊಳೆದರು. ಅಗ್ರಿಪಿನಾ ಒಂದು ತಟ್ಟೆಗೆ ಬೂದಿ ಹಾಕಿ ಉಜ್ಜುತ್ತ ಕೇಳಿದಳು: "ಅವನು ಉಂಡ ಮೇಲೆ ಆ ತಟ್ಟೆ ಯಾರು ತೊಳೆದ್ರು?"

"ಅದು ಬರೆದಿಲ್ಲ. ಅಲ್ಲಿಗೇ ಮುಗೀತು."

"ಹಾಗಾದ್ರೆ ಬರೆದೋನು ಗಂಡಸೇ ಇರ್ಬೇಕು," ಎಂದಳು ಅಗ್ರಿಪಿನಾ.

ಈಗ ವಿಟಾಲಿಸ್ ಸಂಜೆ ಹೊತ್ತು ತನ್ನ ಮನೆಯ ಮುಂದೆಯೇ ಕೂತು, ಕದ್ದುಮುಚ್ಚದೆ ಓದುತ್ತಾನೆ. ಕೈಯಲ್ಲಿರುವುದು ದಪ್ಪ ಕಾದಂಬರಿ. ಅದರಲ್ಲಿ ಒಬ್ಬ ಮುದುಕ ನಾವಿಕ ಜ್ವರದಲ್ಲಿ ಮಲಗಿದ್ದಾನೆ. ದಾರಿಯಲ್ಲಿ ಹೋಗುವ ಕಿಕೋಟಿ ಬೇಲಿಯ ಹತ್ತಿರ ನಿಂತು ವಿಚಾರಿಸುತ್ತಾನೆ.

"ತೇಕ್ಲಾನಪ್ಪ, ಹೇಗಿದಾನೆ ಇವತ್ತು?"

"ಸ್ವಲ್ಪ ಗಂಜಿ ಕುಡ್ದ, ಬಲೋಜಿ."

"ದೇವರು ದೊಡ್ಡೋನು," ಎಂದು ಕಿಕೋಟಿ ಟೋಪಿ ಮುಟ್ಟಿಕೊಂಡು, ಸುದ್ದಿ ತಿಳಿಸಲು ಎದಿನಾ ಅಜ್ಜಿಯ ಮನೆ ಕಡೆ ಹೋಗುತ್ತಾನೆ.

ವಿಟಾಲಿಸ್ ಅವನ ಬೆನ್ನನ್ನೇ ನೋಡುತ್ತ ಕೂರುತ್ತಾನೆ. ತಾನೊಬ್ಬನೇ ಓದುತ್ತಿದ್ದ ದಿನಗಳು ಮುಗಿದವೆಂದು ಅವನಿಗೆ ಹೇಳಿಕೊಳ್ಳಲಾರದಷ್ಟು ಸಂತೋಷವಾಗುತ್ತದೆ. ಒಳಗಿನಿಂದ ಅಗ್ರಿಪಿನಾ ಕೂಗುತ್ತಾಳೆ:

"ತೇಕ್ಲಾನಪ್ಪ, ಆ ಹಾಳೆ ಅಲ್ಲಿಗೇ ಬಿಟ್ಟು ಬನ್ನಿ. ಅವನಿಗೆ ಏನಾದ್ರೂ ಆಗೋಕೆ ಮುಂಚೆ ಊಟ ಮಾಡ್ಬಿಡಿ."